ಅರಗಿನ ಬೊಂಬೆಯ ಹೊಳಪು

ಪ್ರಶ್ನೆ: ಚನ್ನಪಟ್ಟಣದಲ್ಲಿ ಮದುವೆ ಫೋಟೊ ತೆಗೆಯುತ್ತೇನೆ. ಜಾಹೀರಾತು ಕೆಲಸ ಸಿಗಲು ಪೋರ್ಟ್‌ಫೋಲಿಯೊ (ಕೆಲಸ ಕೊಡುವವರಿಗೆ ತೋರಿಸುವ ಆಯ್ದ ಫೋಟೊಗಳು) ಹೇಗಿರಬೇಕು?

ಉತ್ತರ: ನೀವು ಕಳಿಸಿದ್ದರಲ್ಲಿ ಧಾರೆಯ ಫೋಟೊಗಳೇ ಜಾಸ್ತಿ. ಚೆನ್ನಾಗಿವೆ. ಆದರೆ ಸೋಪು ಮಾರುವವರಿಗೆ ಅದರಿಂದೇನು ತಿಳಿಯಬೇಕು, ಹೇಳಿ? ನಿಮ್ಮೂರಿನ ಬೊಂಬೆಯನ್ನೇ ತಗೊಳ್ಳಿ. ಅರಗಿನ ಹೊಳಪು ಸುಮ್ನೆ ಅಲ್ಲ, ಫ್ಲ್ಯಾಶ್ ನೇರ ಬಿದ್ದರೆ ಬೊಂಬೆಯ ಹೊಟ್ಟೆ ಮೇಲೆ ಬಿಳಿ ಚುಕ್ಕೆ ಕೂರುತ್ತದೆ. ಲೈಟಿನ ಮುಂದೆ ದೊಡ್ಡ ಟ್ರೇಸಿಂಗ್ ಪೇಪರ್ ಕಟ್ಟಿ. ಚುಕ್ಕೆ ಹರಡಿ ಮೆತ್ತಗಾಗುತ್ತದೆ. ಪಕ್ಕದಲ್ಲಿ ಕಪ್ಪು ರಟ್ಟು ಇಟ್ಟರೆ ಅಂಚು ಎದ್ದು ಕಾಣುತ್ತದೆ. ಅದೇ ಬೊಂಬೆಯನ್ನು ಬಿಳಿ ಹಿನ್ನೆಲೆಯಲ್ಲಿ, ಮಗುವಿನ ಕೈಯಲ್ಲಿ, ಆಮೇಲೆ ಅಕ್ಷರ ಹಾಕಲು ಜಾಗ ಬಿಟ್ಟು ತೆಗೆಯಿರಿ. ಈ ಕೊನೆಯದು ಮದುವೆ ಫೋಟೊದವರಿಗೆ ನೆನಪೇ ಆಗಲ್ಲ! ಮಗುವಿನ ಚಿತ್ರ ಬಳಸಲು ಅಪ್ಪ ಅಮ್ಮನಿಂದ ಒಪ್ಪಿಗೆ ಬರೆಸಿಕೊಳ್ಳಿ.