ಹಿತ್ತಿಲ ಕೊಳಕ್ಕೆ ಸಹಜವಾಗಿ ಕಾಣುವ ಜಲಪಾತ, ತೊರೆ ಮಾಡುವುದು ಹೇಗೆ?

ಮೊದಲು ಮಳೆಗಾಲದಲ್ಲಿ ಕಾಸರಗೋಡಿನ ಪೈವಳಿಕೆ ಕಡೆಯ ಯಾವುದಾದರೂ ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ ಅರ್ಧ ಗಂಟೆ ಕುಳಿತು ನೋಡಿ. ನೀರು ನೇರವಾಗಿ ಓಡುವುದಿಲ್ಲ. ಕಲ್ಲಿಗೆ ತಾಗಿ ತಿರುಗುತ್ತದೆ, ಗುಂಡಿಯಲ್ಲಿ ತಂಗುತ್ತದೆ, ಮತ್ತೆ ಇಳಿಯುತ್ತದೆ. ಕೊಳದಿಂದ ಅಗೆದ ಮಣ್ಣನ್ನು ಗೋಪುರದಂತೆ ಪೇರಿಸಬೇಡಿ. ಅಗಲವಾಗಿ ಹರಡಿ, ಎರಡಡಿ ಎತ್ತರವನ್ನು ಮೂರು ಇಳಿತಗಳಾಗಿ ಒಡೆಯಿರಿ.

ಕಾಸರಗೋಡಿನ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ನೀರನ್ನು ಕುಡಿದುಬಿಡುತ್ತದೆ. ಇಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವ ಸುರಂಗಗಳಲ್ಲಿ ನೀರು ಒಸರುವುದೂ ಆ ಗುಣದಿಂದಲೇ. ಹಾಗಾಗಿ ತೋಟದ ಟ್ಯಾಂಕಿಗೆ ಹಾಸುವ ದಪ್ಪ ಹಾಳೆಯನ್ನು ತೊರೆಯುದ್ದಕ್ಕೂ ಹಾಸಿ, ಅಂಚುಗಳನ್ನು ನೀರಿನ ಮಟ್ಟಕ್ಕಿಂತ ಮೇಲೆತ್ತಿ ಕಲ್ಲಿನಡಿ ಮರೆಮಾಡಿ.

ನಾನು ಮೊದಲ ಸಲ ಕಟ್ಟಿದಾಗ ನೀರೆಲ್ಲ ಕಲ್ಲುಗಳ ಸಂದಿಯಿಂದ ನುಸುಳಿ, ಮೇಲಿನ ಚಪ್ಪಡಿ ಒಣಗಿಯೇ ಇತ್ತು. ಚಪ್ಪಡಿಯ ಅಡಿ, ಬದಿ ಎರಡನ್ನೂ ಸಿಮೆಂಟಿನಿಂದ ಮುಚ್ಚಿ, ಮುಂದಕ್ಕೆ ಎರಡಿಂಚು ಚಾಚಿಸಿದ ಮೇಲೆಯೇ ನೀರು ಪರದೆಯಾಗಿ ಬಿದ್ದದ್ದು, ಆ ಸದ್ದು ಕೇಳಿದ್ದು!

ನೀರು ಬೀಳುವ ಒಂದಡಿ ಅಗಲದ ಅಂಚಿಗೆ ಗಂಟೆಗೆ ಸುಮಾರು 5000 ಲೀಟರ್ ಎತ್ತುವ ಪಂಪು ಬೇಕು. ಎತ್ತರ ಹೆಚ್ಚಿದಂತೆ ಅದು ಎತ್ತುವ ನೀರು ಕಡಿಮೆಯಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಪಂಪು ನಿಂತಾಗ ತೊರೆಯ ನೀರು ಕೊಳಕ್ಕೇ ಇಳಿಯುತ್ತದೆ, ಅದಕ್ಕೆ ಜಾಗ ಬಿಡಿ. ಪಾಚಿ, ಜರಿಗಿಡಗಳನ್ನು ಜೂನ್ ಮಳೆಯೇ ತಂದುಕೊಡುತ್ತದೆ.