‘ನಾನು ಚೆನ್ನಾಗಿಲ್ಲ’ ಅಂತಾಳೆ ಮಗಳು. ಇದು ಅವಳಿಗೆ ಎಲ್ಲಿಂದ ಬಂತು?

ನಿಮ್ಮ ಪ್ರಶ್ನೆ ಓದಿದೆ ಅಕ್ಕಾ. 13 ವರ್ಷದ ಮಗಳು ಫೋಟೋಗೆ ನಿಲ್ಲುತ್ತಿಲ್ಲ. ‘ನಾನು ಕಪ್ಪು, ನಾನು ದಪ್ಪ’ ಅಂತಾಳೆ. ನೀವು ಒಂದು ದಿನವೂ ಅವಳಿಗೆ ಹಾಗೆ ಅಂದಿಲ್ಲ, ಮತ್ತೆ ಇದು ಎಲ್ಲಿಂದ ಬಂತು ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಕಲಬುರಗಿಯ ಬ್ರಹ್ಮಪುರದಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತೇನೆ. ತಾಯಿ ಮಗಳು ಜೊತೆಯಾಗಿ ಅಳತೆ ಕೊಡಲು ಬರುವುದನ್ನು ವರ್ಷಗಟ್ಟಲೆ ನೋಡಿದ್ದೇನೆ. ಮೊಬೈಲು, ಶಾಲೆಯ ಗೆಳತಿಯರು, ಎಲ್ಲರ ಪಾಲೂ ಇದರಲ್ಲಿದೆ. ಆದರೆ ನಿಮ್ಮ ಮೈ ಬಗ್ಗೆ ನೀವೇ ಅವಳ ಎದುರು ಏನೇನು ಅಂದುಕೊಳ್ಳುತ್ತೀರಿ ಅನ್ನೋದನ್ನು ಮೊದಲು ನೆನಪು ಮಾಡಿಕೊಳ್ಳಿ.

ನಮ್ಮ ಅಂಗಡಿಯಲ್ಲಿ ಆಗೋದು ಹೀಗೆ. ಮೊದಲು ತಾಯಿಯ ಜಂಪರ್ ಅಳತೆ. ಟೇಪು ಹೊಟ್ಟೆ ಹತ್ತಿರ ಬಂದ ಕೂಡಲೇ ಉಸಿರು ಬಿಗಿಹಿಡಿಯುತ್ತಾರೆ. ‘ಹೊಟ್ಟಿ ನೋಡ್ರಿ ಹ್ಯಾಂಗ ಬಂದದ. ತೋಳು ಮೊಣಕೈ ತನಕ ಇಡ್ರಿ, ಈ ಕೈ ಯಾರಿಗೂ ತೋರಿಸೋ ಹಂಗಿಲ್ಲ.’ ಮಗಳು ಸ್ಟೂಲಿನ ಮೇಲೆ ಕೂತು ಮೊಬೈಲ್ ನೋಡುತ್ತಿರುತ್ತಾಳೆ, ಕಿವಿ ಮಾತ್ರ ಇಲ್ಲೇ. ಆಮೇಲೆ ಅವಳ ಸರದಿ. ಅವಳೂ ಹೊಟ್ಟೆ ಒಳಗೆ ಎಳೆದುಕೊಂಡು, ಭುಜ ಬಾಗಿಸಿ ನಿಲ್ಲುತ್ತಾಳೆ. ‘ಉಸಿರು ಬಿಡವ್ವ, ನೆಟ್ಟಗ ನಿಲ್ಲು’ ಅಂತ ನಾನು ಎರಡೆರಡು ಸಲ ಹೇಳಬೇಕು. ಇಲ್ಲದಿದ್ದರೆ ಅಳತೆ ತಪ್ಪಿ ಬಟ್ಟೆ ಬಿಗಿಯಾಗುತ್ತದೆ. ಆಗ ಆ ಹುಡುಗಿ ತಪ್ಪು ಬಟ್ಟೆಯದು ಅನ್ನಲ್ಲ, ತನ್ನ ಮೈಯದೇ ಅಂದುಕೊಳ್ಳುತ್ತಾಳೆ.

ಅದೇ ತಾಯಿ ಪ್ರೀತಿಯಿಂದ ‘ಈಕಿ ಥೇಟ್ ನನ್ನಂಗೇ ನೋಡ್ರಿ’ ಅಂತಾರೆ. ಹುಡುಗಿ ಲೆಕ್ಕ ಹಾಕಲ್ವಾ? ಅವ್ವನ ಕೈ ಯಾರಿಗೂ ತೋರಿಸೋ ಹಾಗಿಲ್ಲ, ನನ್ನ ಕೈ ಥೇಟ್ ಅವ್ವನದೇ. ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಆಗಲೂ ಉದ್ದ ತೋಳು ಕೇಳುವ ಹುಡುಗಿಯರಿದ್ದಾರೆ. ಇಷ್ಟಪಟ್ಟು ಹಾಕಿಕೊಂಡರೆ ಚೆಂದವೇ. ಮುಚ್ಚಿಕೊಳ್ಳೋಕೆ ಅಂತ ಕೇಳಿದಾಗ ನನಗೆ ತುಂಬಾ ಸಂಕಟ ಆಗುತ್ತದೆ.

ಆಳಂದ ಕಡೆಯ ಒಬ್ಬ ತಾಯಿ ಬರುತ್ತಾರೆ. ಮಗಳ ಭುಜ ಅಗಲ. ನಾನು ಅಳತೆ ಬರೆದುಕೊಳ್ಳುವಾಗ ಅವರು ಅಂದದ್ದು: ‘ಇವು ನಮ್ಮವ್ವನ ಭುಜ ನೋಡ್ರಿ. ಆಕಿ ತೊಗರಿ ಚೀಲ ಒಬ್ಬಾಕಿನೇ ಎತ್ತತಿದ್ಲು. ಈಕಿ ಖೋಖೋದಾಗ ಯಾರ ಕೈಗೂ ಸಿಗಂಗಿಲ್ಲ.’ ಬಣ್ಣ, ತೂಕ, ಅಂದ ಯಾವುದರ ಮಾತೂ ಇಲ್ಲ. ಹುಡುಗಿ ನೆಟ್ಟಗೆ ನಿಂತಿದ್ದಳು. ‘ನೀ ಚೆಂದ ಇದ್ದಿ’ ಅಂತ ದಿನಾ ಹೇಳೋದಕ್ಕಿಂತ ಇಂಥ ಒಂದು ಮಾತು ಜಾಸ್ತಿ ನಾಟುತ್ತದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ.

ಇನ್ನು ದಪ್ಪದ ಮಾತು. ಹುಡುಗಿಯರು ಸಾಮಾನ್ಯವಾಗಿ 10ರಿಂದ 14ರೊಳಗೆ ಜೋರಾಗಿ ಬೆಳೆಯುತ್ತಾರೆ, ಸೊಂಟ ತೊಡೆ ತುಂಬಿಕೊಳ್ಳುತ್ತವೆ. ಜೂನ್‌ನಲ್ಲಿ ಹೊಲಿದ ಯೂನಿಫಾರ್ಮ್ ಜನವರಿಗೆ ಬಿಗಿಯಾಗುವುದು ಅದಕ್ಕೇ. ಈ ವಯಸ್ಸಿನವರ ಬಟ್ಟೆಗೆ ನಾನು ಒಳಗೆ ಜಾಸ್ತಿ ಬಟ್ಟೆ ಬಿಟ್ಟಿರುತ್ತೇನೆ. ‘ಮತ್ತ ದಪ್ಪ ಆದ್ಯಾ?’ ಅನ್ನಬೇಡಿ. ‘ಬೆಳದೀ, ಬಿಚ್ಚಿಸಿ ಹೊಲಿಸೋಣ’ ಅನ್ನಿ. ತೆಳ್ಳಗಾಗಲಿ ಅಂತ ರಾತ್ರಿ ರೊಟ್ಟಿ ಬಿಡಿಸುವುದಂತೂ ಬೇಡವೇ ಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತ ಕಡಿಮೆ. ಬೆಳೆಯೋ ಹುಡುಗಿ ರೊಟ್ಟಿ, ಬೇಳೆ, ಪುಂಡಿ ಪಲ್ಯ ಹೊಟ್ಟೆ ತುಂಬಾ ತಿನ್ನಲಿ.

‘ಬಿಸಿಲಾಗ ಹೋಗಬ್ಯಾಡ, ಕರ್ರಗಾಗ್ತಿ’ ಅನ್ನುವುದರ ಹಿಂದೆ ಹೆದರಿಕೆ ಇದೆ. ನಾಳೆ ಕನ್ಯಾ ನೋಡೋಕೆ ಬಂದವರು ಏನಂತಾರೋ ಅಂತ. ಆ ತಾಯಂದಿರನ್ನೂ ಹಾಗೇ ಕೂರಿಸಿ ನೋಡಿದ್ದಾರೆ, ಅದಕ್ಕೇ ಅವರನ್ನು ಬೈಯಲು ನನಗೆ ಮನಸ್ಸು ಬರಲ್ಲ. ಆದರೆ ಬೆಳ್ಳಗಾಗಲಿ ಅಂತ ಯಾರೋ ಹೇಳಿದ ಟ್ಯೂಬ್ ತಂದು ಮಗಳ ಮುಖಕ್ಕೆ ಹಚ್ಚಬೇಡಿ. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಮುಖ ತಿಳಿಯಾದ ಹಾಗೆ ಕಾಣುತ್ತದೆ. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಮೊಡವೆ ಏಳುತ್ತವೆ, ಮುಖದ ಮೇಲೆ ಕೂದಲೂ ಬರಬಹುದು. 2018ರಲ್ಲಿ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ.

ಮನೆಗೆ ಬಂದವರು ‘ಅಕ್ಕನ ಬಣ್ಣ ಈಕಿಗೆ ಬರಲಿಲ್ಲ’ ಅಂದರೆ ಸುಮ್ನೆ ನಗಬೇಡಿ. ‘ನಮ್ಮ ಮನ್ಯಾಗ ಮಕ್ಕಳ ಬಣ್ಣದ ಮಾತು ಬ್ಯಾಡ್ರಿ ವೈನಿ’ ಅಂತ ಮಗಳಿಗೆ ಕೇಳಿಸುವ ಹಾಗೆ ಅನ್ನಿ. ಅವರಿಗೆ ಬೇಜಾರಾದರೆ ಆಗಲಿ.

ಇಷ್ಟಾದರೂ ಮಗಳು ಊಟ ಬಿಡುತ್ತಿದ್ದರೆ, ಶಾಲೆಗೆ ಹೋಗಲ್ಲ ಅಂತ ಕೂತರೆ, ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಮನಸ್ಸಿನ ತೊಂದರೆಗೆ ಸರ್ಕಾರದ್ದೇ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ನೀವೊಬ್ಬರೇ ಮಾತಾಡಿದರೂ ನಡೆಯುತ್ತದೆ.