ಅಕ್ಕನಿಗಾಗಿ ಓಡಲು ಹೊರಟವರು

ಕ್ಯಾನ್ಸರ್‌ನಿಂದ ತೀರಿಕೊಂಡವರ ಹೆಸರಿನಲ್ಲಿ ಮ್ಯಾರಥಾನ್ ಓಡುವ, ದೂರದ ಸೈಕಲ್ ಸವಾರಿ ಮಾಡುವ ಸಂಕಲ್ಪ ತೊಟ್ಟವರು, ಅಗಲಿಕೆಯ ದುಃಖದಲ್ಲಿರುವವರಿಗೆ ಆಪ್ತಸಮಾಲೋಚನೆ ನೀಡುವ ನನ್ನ ಬಳಿಗೆ ಬರುವುದು ಹೊಸತಲ್ಲ. ಬಹುಪಾಲು ಮಂದಿಗೆ ಅದರಿಂದ ಒಳ್ಳೆಯದೇ ಆಗುತ್ತದೆ: ಬೆಳಿಗ್ಗೆ ಏಳಲು ಕಾರಣವೊಂದು ಸಿಗುತ್ತದೆ, ಜೊತೆಗೆ ಓಡುವವರೆದುರು ಹೋದವರ ಹೆಸರನ್ನು ಸಂಕೋಚವಿಲ್ಲದೆ ಎತ್ತಬಹುದಾಗುತ್ತದೆ. ಆದರೆ ಆ ಓಟವೇ ದುಃಖದ ಬಾಯಿ ಮುಚ್ಚಿಸುವ ಪ್ರಕರಣಗಳೂ ಪದೇ ಪದೇ ಎದುರಾಗುತ್ತಿರುವುದರಿಂದ, ಅಂಥ ಒಂದನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವರು ನಲವತ್ತರ ಆಸುಪಾಸಿನವರು. ತಾಯಿಯಂತೆ ನೋಡಿಕೊಂಡಿದ್ದ ಅಕ್ಕ ಅಂಡಾಶಯದ ಕ್ಯಾನ್ಸರ್‌ನಿಂದ ತೀರಿಕೊಂಡು ವರ್ಷ ತುಂಬುವಷ್ಟರಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಕೊನೆಗೆ 42.2 ಕಿ.ಮೀ. ಓಟವಿರುವ ಟ್ರಯಥ್ಲಾನ್‌ಗೆ ಹೆಸರು ಕೊಟ್ಟಿದ್ದರು. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸ್ಟ್ರೆಸ್ ಫ್ರಾಕ್ಚರ್ (ಪದೇ ಪದೇ ಬೀಳುವ ಒತ್ತಡದಿಂದಾಗುವ ಸಣ್ಣ ಬಿರುಕು) ಕಂಡುಬಂದು, ವೈದ್ಯರು ಓಟ ನಿಲ್ಲಿಸುವಂತೆ ಹೇಳಿದ್ದರೂ ಅವರು ನಿಲ್ಲಿಸಿರಲಿಲ್ಲ. ನನ್ನಲ್ಲಿಗೆ ಬಂದದ್ದೂ ಹೆಂಡತಿಯ ಒತ್ತಾಯಕ್ಕೆ.

"ಅಕ್ಕ ಸಹಿಸಿದ್ದರ ಮುಂದೆ ಇದು ಯಾವ ನೋವು, ಮೇಡಂ?" ಎಂಬ ಒಂದೇ ಮಾತು ಮೊದಲ ಕೆಲವು ಭೇಟಿಗಳನ್ನು ನುಂಗಿಹಾಕಿತು. ಈ ಮಾತಿಗೆ ಎದುರು ವಾದ ಹೂಡಿ ಪ್ರಯೋಜನವಿಲ್ಲವೆಂದು ನನಗೆ ಗೊತ್ತಿತ್ತು. ಸತ್ತವರ ನೋವಿನೊಡನೆ ತೂಗಿದರೆ ಬದುಕಿರುವವರ ಯಾವ ನೋವೂ ಹಗುರವೇ.

ಒಂದು ದಿನ ಅವರು ಫೋನಿನಲ್ಲಿದ್ದ ತರಬೇತಿ ಪಟ್ಟಿಯನ್ನು ತೋರಿಸಿದರು. ಅಕ್ಕನ ಕಿಮೊ 21 ದಿನಕ್ಕೊಮ್ಮೆ ನಡೆಯುತ್ತಿದ್ದುದರಿಂದ, ತಮ್ಮ ಅತಿ ಉದ್ದದ ಓಟವನ್ನೂ 21 ದಿನಕ್ಕೊಮ್ಮೆ ಇಟ್ಟುಕೊಂಡಿದ್ದರು. ನಡುವಿನ ದಿನಗಳ ಚೌಕಗಳಲ್ಲಿಯೂ ಒಂದೂ ಖಾಲಿ ಇರಲಿಲ್ಲ. ಎರಡು ಕಿಮೊಗಳ ನಡುವೆ ಅಷ್ಟು ದಿನ ಬಿಡುವುದೇ ಮಜ್ಜೆಯಲ್ಲಿ ರಕ್ತಕಣಗಳು ಮತ್ತೆ ಹುಟ್ಟಿಕೊಳ್ಳಲಿ, ದೇಹ ಚೇತರಿಸಿಕೊಳ್ಳಲಿ ಎಂದು. ಆದ್ದರಿಂದ ಕೇಳಿದೆ: "ಉಳಿದ ದಿನಗಳಲ್ಲಿ ಅಕ್ಕ ಏನು ಮಾಡುತ್ತಿದ್ದರು?"

"ಮಲಗಿರುತ್ತಿದ್ದಳು." ಸ್ವಲ್ಪ ತಡೆದು ಮುಂದುವರಿಸಿದರು: "ಕಾಯಿಲೆ ಮರುಕಳಿಸಿದ ಮೇಲೆ ಎರಡು ಕಿಮೊ ಆಯಿತು. ಮೂರನೆಯದಕ್ಕೆ ಬರಲಾರೆ, ಸಾಕು ಅಂದಳು. ಬೈದೆ. ನಮ್ಮನ್ನೆಲ್ಲ ನಡುನೀರಿನಲ್ಲಿ ಬಿಟ್ಟು ಹೋಗುತ್ತೀಯಾ ಅಂದೆ. ಆಮೇಲೆ ಎಷ್ಟೋ ದಿನ ಮಾತು ಬಿಟ್ಟಿದ್ದೆ."

"ಈಗ ಈ ಓಟದಲ್ಲಿ ಅಕ್ಕನಿಗೆ ಏನು ಹೇಳುತ್ತಿದ್ದೀರಿ?"

ಉತ್ತರಕ್ಕೆ ಅವರು ಹುಡುಕಾಡಲಿಲ್ಲ. "ನಾನಾಗಿದ್ದರೆ ಬಿಡುತ್ತಿರಲಿಲ್ಲ ಅಂತ." ಹೇಳಿದ ಮೇಲೆ ತಾವಾಡಿದ ಮಾತಿಗೆ ತಾವೇ ಬೆಚ್ಚಿದವರಂತೆ ನನ್ನತ್ತ ನೋಡಿದರು. ಅದುವರೆಗೆ ಅಕ್ಕನ ವಿಷಯ ಬಂದಾಗಲೆಲ್ಲ ಗಟ್ಟಿ ದನಿಯಲ್ಲಿ ಮಾತಾಡಿದವರು ಅಂದು ಅತ್ತರು.

ನಾನು ಕೊಟ್ಟ ಸಲಹೆ ನೇರವಾಗಿತ್ತು. ಈ ವರ್ಷದ ಸ್ಪರ್ಧೆಯನ್ನು ಕೈಬಿಡಬೇಕು. ಆ ಸಮಯದಲ್ಲಿ, ಅಕ್ಕನೊಡನೆ ಮಾತು ಬಿಟ್ಟಿದ್ದ ದಿನಗಳ ಬಗ್ಗೆ ನಾವು ಮಾತಾಡಬೇಕು. ಮುಂದೆಂದಾದರೂ ಓಡುವುದಾದರೆ, ಯಾವ ಸ್ಥಿತಿಯಲ್ಲಿ ನಿಲ್ಲಿಸುತ್ತೇನೆ ಎಂಬುದನ್ನು ಮೊದಲೇ ಬರೆದು ಹೆಂಡತಿಗೂ ತರಬೇತುದಾರರಿಗೂ ಕೊಡಬೇಕು. ಅರ್ಪಣೆ ಎಂಬುದು ಓಟ ಆರಂಭವಾಗುವ ಗೆರೆಯಲ್ಲೇ ಮುಗಿದುಹೋಗಬೇಕೆಂಬುದು ನನ್ನ ದೃಢ ನಂಬಿಕೆ. ಅದನ್ನು ಕೊನೆಯ ಗೆರೆಗೆ ಕಟ್ಟಿಹಾಕಿದರೆ, ಸ್ನಾಯು ಸೆಳೆತ ಬಂದು ದಾರಿಯಲ್ಲೇ ಕುಳಿತವನಿಗೆ ತನ್ನವರನ್ನು ಎರಡನೆಯ ಸಲ ಕಳೆದುಕೊಂಡಂತಾಗುತ್ತದೆ.

ಅವರ ಓಟದ ಬಳಗದವರಿಗೆ ಇದು ರುಚಿಸಲಿಲ್ಲ. ಉತ್ಸಾಹಕ್ಕೆ ತಣ್ಣೀರೆರಚಿದರೆಂದು ಆಡಿಕೊಂಡರಂತೆ. ಟೆರಿ ಫಾಕ್ಸ್‌ನ ಉದಾಹರಣೆಯನ್ನೂ ಕೊಟ್ಟರಂತೆ. ಮೂಳೆ ಕ್ಯಾನ್ಸರ್‌ಗೆ ಒಂದು ಕಾಲು ಕಳೆದುಕೊಂಡಿದ್ದ ಆ ತರುಣ 1980ರಲ್ಲಿ ಕೃತಕ ಕಾಲಿನಲ್ಲಿ ಕೆನಡಾವನ್ನು ದಾಟಲು ಹೊರಟು 143 ದಿನಗಳಲ್ಲಿ 5,373 ಕಿ.ಮೀ. ಓಡಿದ್ದು ನಿಜ. ಆದರೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿ, ಅವನು ಥಂಡರ್ ಬೇ ಬಳಿ ನಿಲ್ಲಿಸಿದ್ದೂ ಅಷ್ಟೇ ನಿಜ. ಅವನ ಹೆಸರಿನಲ್ಲಿ ಇಂದಿಗೂ ಓಡುವವರು ಯಾರೂ ಅವನನ್ನು ಅರ್ಧಕ್ಕೆ ಬಿಟ್ಟವನೆಂದು ನೆನೆಯುವುದಿಲ್ಲ.

ನನ್ನ ಸಲಹೆಗೆ ಇನ್ನೊಂದು ಕಾರಣವೂ ಇತ್ತು. ಶೋಕದಲ್ಲಿರುವವರ ಮನಸ್ಸು ಅಗಲಿಕೆಯ ಕಡೆಗೂ ಮುಂದಿನ ಬದುಕಿನ ಕಡೆಗೂ ಓಲಾಡುತ್ತಿರಬೇಕು ಎಂದು ಮನಶ್ಶಾಸ್ತ್ರಜ್ಞರಾದ ಸ್ಟ್ರೋಬೆ ಮತ್ತು ಶೂಟ್ 1999ರಲ್ಲಿ ಮಂಡಿಸಿದ ವಿಚಾರವನ್ನು ನನ್ನ ಕ್ಷೇತ್ರದವರು ಬಹಳವಾಗಿ ಬಳಸುತ್ತಾರೆ. ಇವರ ಪಟ್ಟಿಯಲ್ಲಿ ಆ ಓಲಾಟಕ್ಕೆ ಎಡೆಯೇ ಇರಲಿಲ್ಲ. ಓಡಿ ಸುಸ್ತಾಗಿ ಮಲಗುವವರಿಗೆ ಅಳಲು ಬಿಡುವಾದರೂ ಎಲ್ಲಿ?

ಮೂಳೆ ಕೂಡಿಕೊಂಡು ವೈದ್ಯರ ಅನುಮತಿ ಸಿಕ್ಕಮೇಲೆ ಅವರು ಸಣ್ಣ ದೂರದ ಓಟದಿಂದ ಮತ್ತೆ ಆರಂಭಿಸಿದ್ದಾರೆ. ಅಂಗಿಯ ಮೇಲೆ ಅಕ್ಕನ ಹೆಸರು ಹಾಕಿಸುವ ವಿಚಾರದಲ್ಲಿ, ಅಕ್ಕನ ಮಗಳನ್ನು ಒಮ್ಮೆಯೂ ಕೇಳಿರಲಿಲ್ಲವೆಂಬುದು ಅವರಿಗೆ ಆಮೇಲೆ ಹೊಳೆಯಿತು. ಕೇಳಿದಾಗ ಆಕೆ, ಹೆಸರು ಬೇಡ ಮಾಮ, ಬೇಕಿದ್ದರೆ ನಾನೇ ನಿಮ್ಮ ಜೊತೆ 5 ಕಿ.ಮೀ. ನಡೆಯುತ್ತೇನೆ ಎಂದಳಂತೆ.